ಕಿಡ್ನಿ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಇರಬೇಕೇ? ವಾದವನ್ನು ಬಿಡಿಸಿ ನೋಡೋಣ

ಚಿಂತನ_ಬಳಗ:

ನಮ್ಮ ಓದುಕೂಟದ ಮುಂದಿನ ಚರ್ಚೆಗೆ ಈ ಪ್ರಶ್ನೆ ಆಯ್ದುಕೊಂಡಿದ್ದೇವೆ: ಬದುಕಿರುವ ವ್ಯಕ್ತಿ ತನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಹಣಕ್ಕೆ ಮಾರಲು ಕಾನೂನು ಅವಕಾಶ ಕೊಡಬೇಕೇ? ಇಂಥ ವಿಷಯ ಎತ್ತಿದ ಕೂಡಲೇ ಮಾತು ಎರಡೇ ವಾಕ್ಯಕ್ಕೆ ಬಂದು ನಿಲ್ಲುತ್ತದೆ. ಒಬ್ಬರು "ನನ್ನ ದೇಹ, ನನ್ನ ಹಕ್ಕು" ಅನ್ನುತ್ತಾರೆ. ಇನ್ನೊಬ್ಬರು "ಮನುಷ್ಯನ ದೇಹ ಮಾರಾಟದ ಸರಕಲ್ಲ" ಅನ್ನುತ್ತಾರೆ. ಆಮೇಲೆ ದನಿ ಏರುತ್ತದೆಯೇ ಹೊರತು ವಾದ ಬೆಳೆಯುವುದಿಲ್ಲ. ನೀತಿಶಾಸ್ತ್ರ, ವೈದ್ಯಕೀಯ, ಅರ್ಥಶಾಸ್ತ್ರ ಬಲ್ಲವರು ಇಲ್ಲಿದ್ದೀರಿ. ಈ ಪ್ರಶ್ನೆಯನ್ನು ಬಿಡಿಸುವುದು ಹೇಗೆ, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯಿರಿ. ಬೇರೆ ವಿಷಯಕ್ಕೂ ಅದೇ ಕ್ರಮ ಉಪಯೋಗಕ್ಕೆ ಬರುವಂತಿದ್ದರೆ ಇನ್ನೂ ಒಳ್ಳೆಯದು.

ತರ್ಕಪಾಣಿ:

ಮೊದಲು ಪ್ರಶ್ನೆಯನ್ನೇ ಒಡೆಯಿರಿ. ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಒಳಗೆ ನಾಲ್ಕಿವೆ. ಮಾರುವವನು ತಪ್ಪು ಮಾಡುತ್ತಿದ್ದಾನೆಯೇ? ಕೊಳ್ಳುವವನು ತಪ್ಪು ಮಾಡುತ್ತಿದ್ದಾನೆಯೇ? ಕಾನೂನು ಇದನ್ನು ತಡೆಯಬೇಕೇ? ಕಾನೂನು ಏನೇ ಹೇಳಲಿ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಹೊಣೆ ಏನು? ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ. ಕೊಟ್ಟ ಮಾತಿಗೆ ತಪ್ಪುವುದು ಕೆಟ್ಟದ್ದೇ, ಆದರೆ ಗೆಳೆಯನಿಗೆ ಮಾತು ಕೊಟ್ಟು ತಪ್ಪಿದವನನ್ನು ಜೈಲಿಗೆ ಹಾಕುವ ಕಾನೂನು ಯಾರಿಗೂ ಬೇಡ. ಇನ್ನೊಂದು ಕಡೆ, ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವುದರಲ್ಲಿ ತನ್ನಷ್ಟಕ್ಕೆ ಯಾವ ಪಾಪಪುಣ್ಯವೂ ಇಲ್ಲ, ಆದರೂ ಕಾನೂನು ಬೇಕು. ನಿಮ್ಮ ಕೂಟ ಮೂರನೆಯ ಪ್ರಶ್ನೆಯನ್ನು ಚರ್ಚಿಸುವುದಾದರೆ ಅದನ್ನು ಹಲಗೆಯ ಮೇಲೆ ಬರೆದಿಡಿ. ಮಾತು ಜಾರಿದಾಗಲೆಲ್ಲ ಅಲ್ಲಿಗೆ ಎಳೆದು ತನ್ನಿ.

ಆಮೇಲೆ ಘೋಷಣೆಯನ್ನು ವಾದವಾಗಿ ಬರೆಯಿಸಿ. "ನನ್ನ ದೇಹ, ನನ್ನ ಹಕ್ಕು" ಅನ್ನುವುದು ವಾದವಲ್ಲ, ವಾದದ ಒಂದು ತುಣುಕು. ಪೂರ್ತಿ ಬರೆದರೆ ಹೀಗಾಗುತ್ತದೆ:

೧. ವಯಸ್ಕ ವ್ಯಕ್ತಿ ತಿಳಿದು ಒಪ್ಪಿ ತನ್ನ ದೇಹದ ಮಟ್ಟಿಗೆ ಮಾಡುವ, ಬೇರೆಯವರಿಗೆ ಹಾನಿಯಾಗದ ಕೆಲಸವನ್ನು ಕಾನೂನು ತಡೆಯಬಾರದು.
೨. ಕಿಡ್ನಿ ಮಾರುವವನು ವಯಸ್ಕ, ತಿಳಿದು ಒಪ್ಪಿದ್ದಾನೆ.
೩. ಈ ಮಾರಾಟದಿಂದ ಬೇರೆಯವರಿಗೆ ಹಾನಿಯಿಲ್ಲ.
೪. ಆದ್ದರಿಂದ ಕಾನೂನು ತಡೆಯಬಾರದು.

ಮೊದಲ ಮೂರು ಆಧಾರವಾಕ್ಯಗಳು, ಅಂದರೆ ತೀರ್ಮಾನ ನಿಂತಿರುವ ಮಾತುಗಳು. ಅವನ್ನು ಒಪ್ಪಿದರೆ ನಾಲ್ಕನೆಯದನ್ನು ಒಪ್ಪಲೇಬೇಕು. ತೀರ್ಮಾನ ಒಪ್ಪದವರು ಇನ್ನು "ಛೆ, ಇದು ಸರಿಯಲ್ಲ" ಅಂತ ಕೂರುವಂತಿಲ್ಲ, ಮೂರರಲ್ಲಿ ಯಾವುದು ಸುಳ್ಳು ಅಂತ ಬೆರಳಿಟ್ಟು ತೋರಿಸಬೇಕು. ಗಮನಿಸಿ: ೧ ಮೌಲ್ಯದ ಮಾತು. ೩ ಬಹುಪಾಲು ಸಂಗತಿಯ ಮಾತು. ೨ ಎರಡೂ ಹೌದು, ಏಕೆಂದರೆ ಒಪ್ಪಿಗೆ ಅಂದರೇನು ಅನ್ನುವುದೇ ಮೌಲ್ಯದ ಪ್ರಶ್ನೆ. ಸಂಗತಿಯ ಜಗಳವನ್ನು ಅಂಕಿಅಂಶ ತೀರ್ಮಾನಿಸಬಹುದು, ಮೌಲ್ಯದ ಜಗಳಕ್ಕೆ ಅಂಕಿಅಂಶ ಸಾಲದು. "ಹೀಗಿದೆ" ಅನ್ನುವ ಮಾತುಗಳನ್ನಷ್ಟೇ ಪೇರಿಸಿ "ಹೀಗಿರಬೇಕು" ಅನ್ನುವುದನ್ನು ಇಳಿಸಲಾಗದು ಎಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಎತ್ತಿ ತೋರಿಸಿದ್ದ. ಅವೆರಡೂ ಬೆರೆತು ಹೋದ ಕಡೆಯೇ ಚರ್ಚೆ ಕೆಡುತ್ತದೆ.

ವಸುಧಾ_ರಾ:

ತರ್ಕಪಾಣಿಯವರ ಕ್ರಮವನ್ನೇ ಎದುರು ಪಕ್ಷಕ್ಕೂ ಅನ್ವಯಿಸಬೇಕು. "ದೇಹ ಮಾರಾಟದ ಸರಕಲ್ಲ" ಅನ್ನುವುದರ ಹಿಂದೆ ಒಂದು ಸಾಮಾನ್ಯ ನಿಯಮ ಇರಲೇಬೇಕು. ಅದನ್ನು ಹೇಳಿಸಿ, ನಮ್ಮ ಶಾಸ್ತ್ರಗಳಲ್ಲಿ ಲಕ್ಷಣವನ್ನು (ವ್ಯಾಖ್ಯೆಯನ್ನು) ಪರೀಕ್ಷಿಸುತ್ತಿದ್ದ ಹಾಗೆ ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ಕಡೆಯಿಂದ ನೋಡಬೇಕು. ನಿಯಮ ಬೇಡದ್ದನ್ನೂ ಬಾಚಿಕೊಂಡರೆ ಅತಿವ್ಯಾಪ್ತಿ. ಬೇಕಾದ್ದನ್ನು ಬಿಟ್ಟರೆ ಅವ್ಯಾಪ್ತಿ.

ಮೊದಲ ಪ್ರಯತ್ನ: "ದೇಹದ ಯಾವ ಭಾಗವನ್ನೂ ಹಣಕ್ಕೆ ಕೊಡಬಾರದು." ಹಾಗಾದರೆ ಕೂದಲು ಮಾರುವುದೂ ತಪ್ಪಾಗುತ್ತದೆ, ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗಕ್ಕೆ) ಹಣ ಕೊಡುವುದೂ ತಪ್ಪಾಗುತ್ತದೆ. ಕೂದಲಿನ ವಿಷಯದಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಎರಡನೆಯದು: "ಮತ್ತೆ ಬೆಳೆಯದ ಭಾಗವನ್ನು ಹಣಕ್ಕೆ ಕೊಡಬಾರದು." ಕೂದಲು, ಪ್ಲಾಸ್ಮಾ ತಪ್ಪಿಸಿಕೊಂಡವು. ಆದರೆ ಪಿತ್ತಜನಕಾಂಗದ (ಯಕೃತ್ತಿನ) ಒಂದು ಭಾಗ ಕತ್ತರಿಸಿ ಕೊಟ್ಟರೆ ಉಳಿದದ್ದು ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಅದನ್ನು ಮಾರಬಹುದೇ? ಆ ಶಸ್ತ್ರಚಿಕಿತ್ಸೆ ಕಿಡ್ನಿ ತೆಗೆಯುವುದಕ್ಕಿಂತ ಅಪಾಯಕಾರಿ. ಅದಕ್ಕೂ ಬೇಡ ಅನ್ನುವುದಾದರೆ, ನಮ್ಮ ಆಕ್ಷೇಪ ಇದ್ದದ್ದು ಮತ್ತೆ ಬೆಳೆಯುವುದರ ಬಗ್ಗೆ ಅಲ್ಲ ಅಂತ ಗೊತ್ತಾಯಿತು.

ಮೂರನೆಯದು: "ಗಂಭೀರ ಅಪಾಯವಿರುವ ಅಂಗವನ್ನು ಹಣಕ್ಕಾಗಿ ಕೊಡಬಾರದು." ಈಗ ಅಪಾಯವೇ ಆಕ್ಷೇಪವಾದರೆ ದಾನವನ್ನೂ ತಡೆಯಬೇಕಲ್ಲವೇ? ಚಾಕುವಿಗೆ ಹಣದ ಸುದ್ದಿ ಗೊತ್ತಿಲ್ಲ, ಅಪಾಯ ಎರಡರಲ್ಲೂ ಒಂದೇ. ದಾನ ಸರಿ, ಮಾರಾಟ ತಪ್ಪು ಅನ್ನುವವರು ಹಣ ಬಂದದ್ದರಿಂದ ಏನು ಬದಲಾಯಿತು ಅನ್ನುವುದನ್ನು ಹೇಳಲೇಬೇಕು. ಯಾರು ಕೊಡಲು ಮುಂದೆ ಬರುತ್ತಾರೆ ಅನ್ನುವುದು ಬದಲಾಯಿತೇ? ಕೊಡುವವನು ಕಾಯಿಲೆ ಮುಚ್ಚಿಡುವ ಸಾಧ್ಯತೆ ಹೆಚ್ಚಿತೇ? ಇಬ್ಬರ ನಡುವಿನ ಸಂಬಂಧ ಕೆಟ್ಟಿತೇ? ಮೂರೂ ಬೇರೆ ಬೇರೆ ವಾದಗಳು, ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು.

ಒಂದು ಎಚ್ಚರಿಕೆ. ಪ್ರತಿ ಉದಾಹರಣೆ ಬಂದಾಗಲೆಲ್ಲ ನಿಯಮಕ್ಕೆ ಒಂದೊಂದು ತೇಪೆ ಹಚ್ಚುತ್ತಾ ಹೋಗಬೇಡಿ. "ಕೂದಲು, ಪ್ಲಾಸ್ಮಾ ಬಿಟ್ಟು, ಯಕೃತ್ತು ಸೇರಿಸಿ" ಅಂತ ಬೆಳೆದ ನಿಯಮ ಏನನ್ನೂ ವಿವರಿಸುವುದಿಲ್ಲ. ನಮಗೆ ಮೊದಲೇ ಅನ್ನಿಸಿದ್ದನ್ನು ಪಟ್ಟಿ ಮಾಡುತ್ತದೆ, ಅಷ್ಟೆ. ತೇಪೆಗೂ ಅದರದ್ದೇ ಆದ ಕಾರಣ ಇರಬೇಕು.

ನೆಫ್ರಾನ್:

ಸಂಗತಿಯ ಭಾಗಕ್ಕೆ ಅಂಕಿ ಕೊಡುತ್ತೇನೆ. ಏಕೆಂದರೆ ಎರಡೂ ಪಕ್ಷದವರು ಇಲ್ಲಿ ಕಣ್ಣುಮುಚ್ಚಿ ಮಾತಾಡುವುದೇ ಹೆಚ್ಚು.

ಶಸ್ತ್ರಚಿಕಿತ್ಸೆಯ ಸಾವು: ಅಮೆರಿಕದ ದಾನಿಗಳ ಬಗ್ಗೆ 2010ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ 10,000 ದಾನಿಗಳಿಗೆ ಸುಮಾರು 3 ಸಾವು. ಈಚಿನ ವರ್ಷಗಳಲ್ಲಿ ಅದು ಇನ್ನೂ ಇಳಿದಿದೆ.

ದೀರ್ಘಕಾಲದ ಅಪಾಯದಲ್ಲಿ ಜನ ಎಡವುತ್ತಾರೆ. 2014ರ ಒಂದು ಅಧ್ಯಯನ, ಜೀವಮಾನದಲ್ಲಿ ಕಿಡ್ನಿ ಪೂರ್ತಿ ವಿಫಲವಾಗುವ ಅಂದಾಜನ್ನು ಮೂರು ಗುಂಪಿಗೆ ಕೊಟ್ಟಿತು. ದಾನಿಗಳಲ್ಲಿ 10,000ಕ್ಕೆ 90. ದಾನ ಮಾಡದ, ಆದರೆ ದಾನಿಗಳಷ್ಟೇ ಆರೋಗ್ಯವಂತರಲ್ಲಿ 14. ತಪಾಸಣೆಯಿಲ್ಲದ ಸಾಮಾನ್ಯ ಜನರಲ್ಲಿ 326. ಈಗ ನೋಡಿ, ಮಾರಾಟ ಬೇಕೆನ್ನುವವರು "ದಾನಿಗಳ ಅಪಾಯ ಸಾಮಾನ್ಯ ಜನರ ಅಪಾಯದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ" ಅನ್ನಬಹುದು. ಬೇಡವೆನ್ನುವವರು "ಅಪಾಯ ಆರು ಪಟ್ಟಿಗಿಂತ ಹೆಚ್ಚಾಗುತ್ತದೆ" ಅನ್ನಬಹುದು. ಎರಡೂ ಅದೇ ಅಧ್ಯಯನದಿಂದ ಬಂದ ನಿಜವಾದ ಅಂಕಿಗಳು. ಆದರೆ ನಿಮ್ಮ ಪ್ರಶ್ನೆಗೆ ತಕ್ಕ ಹೋಲಿಕೆ ಒಂದೇ: ಇದೇ ವ್ಯಕ್ತಿ ಕಿಡ್ನಿ ಕೊಡದಿದ್ದರೆ ಏನಾಗುತ್ತಿತ್ತು? ಅದಕ್ಕೆ ಹತ್ತಿರವಾದದ್ದು 14. ವ್ಯತ್ಯಾಸ 10,000ಕ್ಕೆ 76, ಅಂದರೆ ಸುಮಾರು 130 ಜನರಲ್ಲಿ ಒಬ್ಬರಿಗೆ ಹೆಚ್ಚುವರಿ ಹಾನಿ. "ಆರು ಪಟ್ಟು" ಅಂದರೆ ಭಯ ಹುಟ್ಟುತ್ತದೆ, "ಶೇ 1ಕ್ಕಿಂತ ಕಡಿಮೆ" ಅಂದರೆ ಧೈರ್ಯ ಬರುತ್ತದೆ. ಎರಡನ್ನೂ ಒಟ್ಟಿಗೆ ಹೇಳಿ.

ಗರ್ಭಧಾರಣೆಯ ಅಪಾಯವನ್ನು ಹೆಚ್ಚಿನವರು ಮರೆಯುತ್ತಾರೆ. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಡ್ನಿ ಕೊಟ್ಟ ಮೇಲೆ ಗರ್ಭಿಣಿಯಾದವರಲ್ಲಿ ಗರ್ಭಕಾಲದ ಅಧಿಕ ರಕ್ತದೊತ್ತಡ ಅಥವಾ ಪ್ರೀಎಕ್ಲಾಂಪ್ಸಿಯಾ (ಅಧಿಕ ರಕ್ತದೊತ್ತಡದಿಂದ ಬೇರೆ ಅಂಗಗಳಿಗೂ ತೊಂದರೆಯಾಗುವ ಗರ್ಭಕಾಲದ ಕಾಯಿಲೆ) ಶೇ 11ರಷ್ಟು ಕಂಡುಬಂತು, ಕೊಡದವರಲ್ಲಿ ಶೇ 5. "ತಿಳಿದು ಒಪ್ಪಿದ್ದಾರೆ" ಅನ್ನುವ ಎರಡನೇ ಆಧಾರವಾಕ್ಯ ನಿಜವಾಗಬೇಕಾದರೆ ಇಪ್ಪತ್ತರ ಹರೆಯದ ಹೆಣ್ಣುಮಗಳಿಗೆ ಇದನ್ನೂ ಹೇಳಿರಬೇಕು.

ಕೊನೆಯದಾಗಿ, ಇವೆಲ್ಲ ಕಟ್ಟುನಿಟ್ಟಿನ ತಪಾಸಣೆ ದಾಟಿ ಬಂದ ದಾನಿಗಳ ಅಂಕಿಗಳು. ಅವರಿಗೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ), ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ನೋಡಿಸಿಕೊಳ್ಳಿ ಅಂತ ಸಲಹೆ ಇರುತ್ತದೆ, ನೋಡಿಸುವ ದಾರಿಯೂ ಸಾಮಾನ್ಯವಾಗಿ ಇರುತ್ತದೆ. ಆ ದಾರಿಯೇ ಇಲ್ಲದ ಬಡ ಮಾರಾಟಗಾರನಿಗೆ ಈ 10,000ಕ್ಕೆ 90 ಅನ್ನುವ ಅಂಕಿ ಅನ್ವಯಿಸುತ್ತದೆ ಅಂತ ಇಟ್ಟುಕೊಳ್ಳಲು ಆಧಾರವಿಲ್ಲ.

ಚಿಂತನ_ಬಳಗ:

ಹೋಲಿಕೆಯ ಗುಂಪಿನ ಮಾತು ಬಹಳ ಉಪಯುಕ್ತ, ಧನ್ಯವಾದ. ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ಎಳೆ ಬೇರೆ: "ಹೊಟ್ಟೆಗಿಲ್ಲದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ." ಇದನ್ನು ಹೇಗೆ ಪರೀಕ್ಷಿಸುವುದು?

ನಿರಂಜನ_ಕೆ:

ಈ ಒಂದು ವಾಕ್ಯದಲ್ಲಿ ಕನಿಷ್ಠ ಮೂರು ಆಕ್ಷೇಪ ಅಡಗಿವೆ. ಬಿಡಿಸದಿದ್ದರೆ ಒಂದಕ್ಕೆ ಉತ್ತರ ಬಂದಾಗ ಮಾತಾಡುವವರು ಇನ್ನೊಂದಕ್ಕೆ ಹಾರುತ್ತಾರೆ. ನ್ಯಾಯಶಾಸ್ತ್ರದಲ್ಲಿ (ಭಾರತದ ತರ್ಕಶಾಸ್ತ್ರದಲ್ಲಿ) ಛಲ ಅಂತ ಕರೆದದ್ದು ಇದಕ್ಕೆ ಹತ್ತಿರ, ಎದುರಾಳಿಯ ಪದ ಹಾಗೇ ಇಟ್ಟುಕೊಂಡು ಅರ್ಥ ಬದಲಿಸುವುದು. ನಡುವೆ ಅರ್ಥ ಬದಲಾದದ್ದು ಆಡಿದವರಿಗೂ ಗೊತ್ತಾಗದೆ ಇರಬಹುದು.

ಮೊದಲನೆಯದು ಬಲವಂತ. ಒಪ್ಪಿಗೆಗೆ ಸಾಮಾನ್ಯವಾಗಿ ಮೂರು ಅಂಶ ಬೇಕು ಅನ್ನುತ್ತಾರೆ: ಮಾಹಿತಿ, ಅದನ್ನು ಗ್ರಹಿಸುವ ಶಕ್ತಿ, ಸ್ವಇಚ್ಛೆ. ಮನುಷ್ಯರ ಮೇಲಿನ ಸಂಶೋಧನೆಗೆ 1979ರಲ್ಲಿ ಬಂದ ಬೆಲ್ಮಾಂಟ್ ವರದಿಯೂ ಇದೇ ಮೂರನ್ನು ಹೇಳುತ್ತದೆ. ಬಡತನ ಮೂರನೆಯದನ್ನು ಕೆಡಿಸುತ್ತದೆ ಅನ್ನುವುದು ವಾದ. ಆದರೆ ಪರೀಕ್ಷೆ ಮಾಡಿ: "ಬೇರೆ ದಾರಿಯಿಲ್ಲದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ" ಅನ್ನುವುದು ನಿಯಮವಾದರೆ, ಪ್ರಾಣಾಪಾಯದಲ್ಲಿರುವ ರೋಗಿ ಶಸ್ತ್ರಚಿಕಿತ್ಸೆಗೆ ಕೊಡುವ ಸಹಿಯೂ ಅಮಾನ್ಯವಾಗಬೇಕು. ಅವನಿಗೂ ಬೇರೆ ದಾರಿಯಿಲ್ಲ. ಅದನ್ನು ಯಾರೂ ಒಪ್ಪುವುದಿಲ್ಲ. ಹಾಗಾಗಿ ದಾರಿ ಇಲ್ಲದಿರುವುದು ತಾನಾಗಿಯೇ ಬಲವಂತವಲ್ಲ. ಬಲವಂತ ಅನ್ನಬೇಕಾದರೆ ಯಾರೋ ಬೆದರಿಸಿರಬೇಕು, "ಮಾಡದಿದ್ದರೆ ನಿನ್ನ ಸ್ಥಿತಿ ಈಗಿರುವುದಕ್ಕಿಂತ ಕೆಡಿಸುತ್ತೇನೆ" ಅಂದಿರಬೇಕು.

ಎರಡನೆಯದು ಶೋಷಣೆ. ಇದು ಹೆಚ್ಚು ಗಟ್ಟಿ. ಒಪ್ಪಿಗೆ ನಿಜವಾಗಿದ್ದರೂ, ಇಬ್ಬರಿಗೂ ಲಾಭವಾದರೂ, ಒಬ್ಬನ ಕಷ್ಟವನ್ನು ಬಳಸಿಕೊಂಡು ಅನ್ಯಾಯದ ಬೆಲೆ ಕೊಟ್ಟರೆ ಅದು ಶೋಷಣೆ. ಆದರೆ ಇದರಿಂದ ಬರುವ ಪರಿಹಾರ ಯಾವುದು ಅಂತ ಯೋಚಿಸಿ. ಬೆಲೆ ಅನ್ಯಾಯವಾದದ್ದು ಅನ್ನುವುದು ದೂರಾದರೆ ನ್ಯಾಯವಾದ ಬೆಲೆ ಕೊಡಿಸುವುದು ಪರಿಹಾರ. ನಿಷೇಧ ಅಲ್ಲ. ಆಕ್ಷೇಪ ಒಂದು ಕಡೆಗೆ, ಪರಿಹಾರ ಇನ್ನೊಂದು ಕಡೆಗೆ ತೋರಿಸುತ್ತಿದ್ದರೆ ನಡುವೆ ಒಂದು ಆಧಾರವಾಕ್ಯ ಬಿಟ್ಟುಹೋಗಿದೆ ಅಂತ ಅರ್ಥ.

ಮೂರನೆಯದನ್ನು ಕೂಟಗಳಲ್ಲಿ ಯಾರೂ ಎತ್ತುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಬಲವಾದದ್ದು: ಅವಕಾಶ ಸಿಕ್ಕಿದ್ದೇ ಹೊರೆಯಾಗುವುದು. "ಇಷ್ಟವಿಲ್ಲದವರು ಮಾರದೆ ಇರಲಿ, ಅವರಿಗೇನು ನಷ್ಟ?" ಅನ್ನುವುದು ಸಹಜವಾದ ಉತ್ತರ. ನಷ್ಟವಿದೆ. ಕಿಡ್ನಿ ಮಾರುವುದು ಕಾನೂನುಬದ್ಧವಾದ ಮೇಲೆ ಸಾಲಗಾರನ ಕೈಯಲ್ಲಿ ಮಾರಬಹುದಾದ ಒಂದು ಆಸ್ತಿ ಇದೆ ಅಂತ ಸಾಲ ಕೊಟ್ಟವನಿಗೆ ಗೊತ್ತಾಗುತ್ತದೆ. ವಸೂಲಿಗೆ ಬಂದವನು ಆ ಮಾತು ಎತ್ತುತ್ತಾನೆ. ಮನೆಯವರು ಎತ್ತುತ್ತಾರೆ. ಮೊದಲು "ನನ್ನ ಹತ್ತಿರ ಏನೂ ಇಲ್ಲ" ಅಂದರೆ ಮುಗಿಯುತ್ತಿತ್ತು. ಈಗ "ಇದ್ದೂ ಕೊಡುತ್ತಿಲ್ಲ" ಅನ್ನಿಸಿಕೊಳ್ಳಬೇಕು. ಮಾರದೆ ಉಳಿದವನ ಸ್ಥಿತಿಯೂ ಕೆಟ್ಟಿತು. ಇದು ನಿಜವಾದರೆ ತರ್ಕಪಾಣಿಯವರ ಮೂರನೇ ಆಧಾರವಾಕ್ಯ, ಬೇರೆಯವರಿಗೆ ಹಾನಿಯಿಲ್ಲ ಅನ್ನುವುದು, ಬೀಳುತ್ತದೆ. ಅದು ಬೀಳುವುದಕ್ಕೆ ಯಾರ ವಿವೇಕವನ್ನೂ ಕಡಿಮೆ ಅಂದಾಜು ಮಾಡಬೇಕಾಗಿಲ್ಲ ಅನ್ನುವುದು ಈ ವಾದದ ದೊಡ್ಡ ಗುಣ.

ಸಹನಾ_ಎಂ:

ನಿರಂಜನ್ ಸರ್, ಮೂರನೆಯದು ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ನಿಮ್ಮದೇ ಕ್ರಮದಲ್ಲಿ ಅದನ್ನೂ ಪರೀಕ್ಷಿಸಬೇಕಲ್ಲ. ಗಣಿಗೆ ಇಳಿಯುವುದು, ಆಳಸಮುದ್ರದ ಮೀನುಗಾರಿಕೆ, ಎತ್ತರದ ಕಟ್ಟಡದ ಕೆಲಸ, ಇವೂ ಬಡವನ ಮುಂದಿರುವ ಅಪಾಯದ ಅವಕಾಶಗಳೇ. ಸಾಲ ಕೊಟ್ಟವನು "ಹೋಗಿ ಗಣಿಯಲ್ಲಿ ದುಡಿ" ಅನ್ನಬಹುದು. ಹಾಗಂತ ಗಣಿ ಕೆಲಸ ನಿಷೇಧಿಸುತ್ತೇವೆಯೇ? 10,000ಕ್ಕೆ 3 ಸಾವು ಅನ್ನುವುದು ಇಂಥ ಎಷ್ಟೋ ಕೆಲಸಗಳಲ್ಲಿ ವರ್ಷಗಟ್ಟಲೆ ದುಡಿಯುವವನ ಅಪಾಯಕ್ಕಿಂತ ಕಡಿಮೆ.

ತರ್ಕಪಾಣಿ:

ಸಹನಾ ಅವರೇ, ಸಾದೃಶ್ಯ ಒಳ್ಳೆಯದು. ಸಾದೃಶ್ಯಕ್ಕೆ ಉತ್ತರ ಕೊಡುವಾಗ "ಅದೇ ಬೇರೆ, ಇದೇ ಬೇರೆ" ಅಂದರೆ ಸಾಲದು. ವ್ಯತ್ಯಾಸಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಈ ವ್ಯತ್ಯಾಸವನ್ನು ಅಳಿಸಿದರೆ ನನ್ನ ತೀರ್ಪು ಬದಲಾಗುತ್ತದೆಯೇ?

ಗಣಿಯಲ್ಲಿ ಅಪಾಯ ಕೆಲಸದ ಜೊತೆಗೆ ಬರುವಂಥದ್ದು, ಕಿಡ್ನಿಯಲ್ಲಿ ದೇಹಕ್ಕೆ ಗಾಯ ಮಾಡುವುದೇ ವ್ಯವಹಾರ. ಅಳಿಸಿ ನೋಡಿ: ಔಷಧ ಪ್ರಯೋಗಕ್ಕೆ ಹಣ ಪಡೆದು ಬರುವ ಆರೋಗ್ಯವಂತ ಸ್ವಯಂಸೇವಕರಲ್ಲಿ ದೇಹವನ್ನು ಅಪಾಯಕ್ಕೆ ಒಡ್ಡುವುದೇ ವ್ಯವಹಾರ, ಆದರೂ ನಿಯಂತ್ರಣದಡಿ ಒಪ್ಪುತ್ತೇವೆ. ಈ ವ್ಯತ್ಯಾಸ ಹೆಚ್ಚು ಭಾರ ಹೊರುವುದಿಲ್ಲ. ಇನ್ನೊಂದು: ಗಣಿ ಕೆಲಸವನ್ನು ನಾಳೆ ಬಿಡಬಹುದು, ಕೊಟ್ಟ ಕಿಡ್ನಿ ವಾಪಸು ಬರುವುದಿಲ್ಲ. ಇದಕ್ಕೆ ತೂಕವಿದೆ. ಹಿಂದೆ ಸರಿಯುವ ದಾರಿ ಮುಚ್ಚಿರುವ ಕಡೆ ನಾವು ಒಪ್ಪಿಗೆಯ ಮಟ್ಟವನ್ನು ಏರಿಸುತ್ತೇವೆ, ಕಾಯುವ ಅವಧಿ ಕೇಳುತ್ತೇವೆ. ಗಮನಿಸಿ, ಅದರಿಂದ ಸಿಗುವುದು ಕಠಿಣ ನಿಯಮ, ನಿಷೇಧ ಅಲ್ಲ. ಮತ್ತೊಂದು: ದುಡಿಮೆ ಪ್ರತಿ ತಿಂಗಳೂ ಹಣ ತರುತ್ತದೆ, ಕಿಡ್ನಿ ಒಮ್ಮೆ ಮಾತ್ರ. ಸಾಲ ಮತ್ತೆ ಬೆಳೆದರೆ ಮಾರಲು ಏನೂ ಉಳಿಯುವುದಿಲ್ಲ. ಇದು ಮೌಲ್ಯದ ಮಾತಲ್ಲ, ಪುರಾವೆ ನೋಡಿ ತೀರ್ಮಾನಿಸಬೇಕಾದ ಸಂಗತಿ.

ಅರ್ಥಮೀಮಾಂಸೆ:

ಆ ಸಂಗತಿಗೆ ಪುರಾವೆ ಇದೆ, ಆದರೆ ಅದನ್ನು ಎಷ್ಟು ದೂರ ಎಳೆಯಬಹುದು ಅಂತ ನೋಡಬೇಕು.

ಚೆನ್ನೈಯಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು 2001ರಲ್ಲಿ ಸಂದರ್ಶಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲರಿಗೂ ಪರಿಚಿತ. ಶೇ 96 ಜನ ಸಾಲ ತೀರಿಸಲು ಮಾರಿದ್ದರು. ಮಾರಿದ ಮೇಲೆ ಸರಾಸರಿ ಕುಟುಂಬ ಆದಾಯ ಮೂರನೇ ಒಂದರಷ್ಟು ಇಳಿದಿತ್ತು, ಬಹುಪಾಲು ಜನ ಇನ್ನೂ ಸಾಲದಲ್ಲೇ ಇದ್ದರು. ಶೇ 86 ಜನ ಆರೋಗ್ಯ ಕೆಟ್ಟಿತು ಅಂದರು. ಬೇರೆಯವರಿಗೆ ಮಾರಲು ಸಲಹೆ ಕೊಡುವುದಿಲ್ಲ ಅಂದವರು ಶೇ 79.

ಇದರಿಂದ "ಮಾರಾಟ ಬಡವರನ್ನು ಮೇಲೆತ್ತುತ್ತದೆ" ಅನ್ನುವ ಸುಲಭದ ಮಾತಿಗೆ ಪೆಟ್ಟು ಬೀಳುತ್ತದೆ. ಆದರೆ ಎರಡು ತಡೆ ಇವೆ. ಅಷ್ಟೇ ಸಾಲವಿದ್ದು ಕಿಡ್ನಿ ಮಾರದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿಲ್ಲ, ಹಾಗಾಗಿ ಇಳಿಕೆಯಲ್ಲಿ ಎಷ್ಟು ಪಾಲು ಶಸ್ತ್ರಚಿಕಿತ್ಸೆಯದ್ದು ಅಂತ ಬೇರ್ಪಡಿಸಲಾಗದು. ಎರಡನೆಯದು, ಭಾರತದಲ್ಲಿ ಅಂಗಾಂಗ ಮಾರಾಟ ನಿಷೇಧಿಸಿದ 1994ರ ಕಾನೂನು ಬಂದ ಮೇಲೆ ಅಲ್ಲಿನ ವ್ಯವಹಾರ ದಲ್ಲಾಳಿಗಳ ಮೂಲಕ ನಡೆದ ಅಕ್ರಮ ವ್ಯವಹಾರ. ಮೋಸ ಹೋದವನಿಗೆ ದೂರು ಕೊಡಲು ಜಾಗವಿಲ್ಲ. ಕಳ್ಳಸಂತೆಯ ಕೆಡುಕನ್ನು ತೋರಿಸಿ ನಿಯಂತ್ರಿತ ವ್ಯವಸ್ಥೆಯೂ ಹೀಗೇ ಆಗುತ್ತದೆ ಅನ್ನುವಂತಿಲ್ಲ. "ಕಾನೂನುಬದ್ಧ ಮಾಡಿದರೆ ಈ ಕೆಡುಕೆಲ್ಲ ಮಾಯ" ಅನ್ನುವಂತೆಯೂ ಇಲ್ಲ, ಏಕೆಂದರೆ ಸಾಲದ ಸುಳಿ ಕಾನೂನಿನಿಂದ ಹುಟ್ಟಿದ್ದಲ್ಲ.

ನಿಯಂತ್ರಿತ ವ್ಯವಸ್ಥೆಗೆ ಇರುವ ದೊಡ್ಡ ಉದಾಹರಣೆ ಇರಾನ್. 1988ರಿಂದ ಅಲ್ಲಿ ರೋಗಿಗಳ ಸಂಘದ ಮೂಲಕ ಕೊಡುವವರನ್ನೂ ಪಡೆಯುವವರನ್ನೂ ಜೋಡಿಸುತ್ತಾರೆ. ಸರ್ಕಾರ ನಿಗದಿಯಾದ ಮೊತ್ತ ಕೊಡುತ್ತದೆ, ಪಡೆಯುವವರ ಕಡೆಯಿಂದಲೂ ಹಣ ಸೇರುತ್ತದೆ. ವಿದೇಶಿ ರೋಗಿಗಳು ಕೊಳ್ಳುವಂತಿಲ್ಲ. ಕಾಯುವ ಪಟ್ಟಿ ಬಹಳ ಕುಗ್ಗಿತು ಅಂತ ಬೆಂಬಲಿಗರು ತೋರಿಸುತ್ತಾರೆ. ಕೊಡುವವರಲ್ಲಿ ಹೆಚ್ಚಿನವರು ಬಡವರೇ, ಪಡೆಯುವವರು ಕೊಡುವ ಮೊತ್ತ ಚೌಕಾಸಿಗೆ ಬಿಟ್ಟದ್ದು, ಆಮೇಲಿನ ಆರೈಕೆ ಸಾಲದು ಅಂತ ಟೀಕಾಕಾರರು ತೋರಿಸುತ್ತಾರೆ. ಅದರಲ್ಲಿ ಯಾವ ದೋಷ ಮಾರಾಟ ಅನ್ನುವುದಕ್ಕೇ ಅಂಟಿದ್ದು, ಯಾವುದು ಆ ವಿನ್ಯಾಸದ್ದು ಅಂತ ಬೇರ್ಪಡಿಸಿ. ಚೌಕಾಸಿ ವಿನ್ಯಾಸದ ದೋಷ. ಬಡವರೇ ಮುಂದೆ ಬರುವುದು ವಿನ್ಯಾಸ ಬದಲಿಸಿದರೂ ಹೋಗುವುದು ಅನುಮಾನ.

ವಸುಧಾ_ರಾ:

ಈ ಚರ್ಚೆಯಲ್ಲಿ ತಪ್ಪದೆ ಬರುವ ಇನ್ನೊಂದು ಮಾತು: "ಇವತ್ತು ಕಿಡ್ನಿ, ನಾಳೆ ಕಣ್ಣು, ನಾಡಿದ್ದು ಇಡೀ ಮನುಷ್ಯ." ಜಾರುಹಾದಿಯ ವಾದ ಯಾವಾಗಲೂ ತಪ್ಪಲ್ಲ, ಆದರೆ ಹಾದಿ ಎಲ್ಲಿ ಜಾರುತ್ತದೆ ಅಂತ ತೋರಿಸುವ ಹೊಣೆ ವಾದಿಸುವವರದ್ದು. ಜಾರುವುದಕ್ಕೆ ಎರಡೇ ಬಗೆ. ಒಂದು ತರ್ಕದ್ದು: ಕಿಡ್ನಿಗೆ ಕೊಟ್ಟ ಕಾರಣವೇ ಕಣ್ಣಿಗೂ ಅನ್ವಯಿಸಿದರೆ, ಅಲ್ಲಿ ನಿಲ್ಲಲು ಆಧಾರವಿಲ್ಲ. "ಸ್ವಂತ ದೇಹ" ಅನ್ನುವುದೊಂದೇ ಕಾರಣವಾದರೆ ನಿಜವಾಗಿಯೂ ಜಾರುತ್ತದೆ. "ಒಂದು ಕಿಡ್ನಿಯಲ್ಲಿ ಸಹಜವಾಗಿ ಬದುಕಬಹುದು" ಅನ್ನುವುದೂ ಕಾರಣದಲ್ಲಿ ಸೇರಿದ್ದರೆ ಅದು ಮೆಟ್ಟಿಲಾಗಿ ನಿಲ್ಲಿಸುತ್ತದೆ. ಇನ್ನೊಂದು ಸಮಾಜದ್ದು: ಒಂದಕ್ಕೆ ಒಗ್ಗಿದ ಜನ, ಸಂಸ್ಥೆಗಳು, ಲಾಭ ಕಂಡವರು ಮುಂದಿನದಕ್ಕೆ ಒತ್ತುತ್ತಾರೆ. ಅದಕ್ಕೆ ಹೆಸರಿಸಬಹುದಾದ ಒತ್ತಡ ಬೇಕು.

ಹಣ ಬಂದರೆ ದಾನದ ಮನಸ್ಸು ಸಾಯುತ್ತದೆ ಅನ್ನುವುದೂ ಇದೇ ಜಾತಿಯದ್ದು. ರಕ್ತದ ವಿಷಯದಲ್ಲಿ ಬ್ರಿಟನ್ನಿನ ಸಮಾಜ ವಿಜ್ಞಾನಿ ರಿಚರ್ಡ್ ಟಿಟ್‌ಮಸ್ 1970ರಲ್ಲಿ ಮುಂದಿಟ್ಟ ವಾದ ಅದು. ಇಸ್ರೇಲಿನ ಹೈಫಾದ ಶಿಶುವಿಹಾರಗಳ ಪ್ರಯೋಗ, 2000ರಲ್ಲಿ ಪ್ರಕಟವಾದದ್ದು, ಇದಕ್ಕೆ ಬೆಂಬಲವಾಗಿ ಕಾಣುತ್ತದೆ: ಮಕ್ಕಳನ್ನು ತಡವಾಗಿ ಕರೆದೊಯ್ಯುವವರಿಗೆ ದಂಡ ಹಾಕಿದರೆ ತಡಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಇಳಿಯಲಿಲ್ಲ. ಆದರೆ ರಕ್ತದಾನಕ್ಕೆ ಸಣ್ಣ ಉಡುಗೊರೆ, ಕೂಪನ್ ಕೊಟ್ಟ ನಂತರದ ಪ್ರಯೋಗಗಳಲ್ಲಿ ಹೆಚ್ಚಿನವು ದಾನ ಏರಿದ್ದನ್ನೇ ತೋರಿಸಿದವು. ಕಿಡ್ನಿಗೆ ಇವೆರಡರಲ್ಲಿ ಯಾವುದು ಹತ್ತಿರ ಅನ್ನುವುದೇ ತೆರೆದ ಪ್ರಶ್ನೆ. ತಮಗೆ ಹಿಡಿಸಿದ ಒಂದನ್ನಷ್ಟೇ ಎತ್ತಿ ಹಿಡಿಯುವವರನ್ನು ಅಲ್ಲೇ ನಿಲ್ಲಿಸಿ, ಇನ್ನೊಂದನ್ನೂ ಹೇಳಿಸಿ.

ಹೊಂಬೆಳಕು:

ಇಷ್ಟೆಲ್ಲ ಓದಿದ ಮೇಲೂ ಮನಸ್ಸಿಗೆ ಇದು ಅಸಹ್ಯ ಅನ್ನಿಸುತ್ತದೆ. ಆ ಅನಿಸಿಕೆಗೆ ಬೆಲೆಯೇ ಇಲ್ಲವೇ? ಎಲ್ಲವನ್ನೂ ಆಧಾರವಾಕ್ಯ ಮಾಡಿ ಕತ್ತರಿಸುತ್ತಾ ಹೋದರೆ ಕಣ್ಣಿಗೆ ಕಾಣುವ ಕೆಡುಕೂ ಕೈಜಾರುವುದಿಲ್ಲವೇ?

ನಿರಂಜನ_ಕೆ:

ಬೆಲೆ ಇದೆ, ಖಂಡಿತ ಇದೆ. ಕಾರಣ ಹೇಳಲಾಗದ ಅಸಹ್ಯದಲ್ಲೂ ವಿವೇಕ ಇರಬಹುದು ಅಂತ ಅಮೆರಿಕದ ಚಿಂತಕ ಲಿಯಾನ್ ಕಾಸ್ 1997ರಲ್ಲಿ ಮನುಷ್ಯರ ಕ್ಲೋನಿಂಗ್ ವಿರೋಧಿಸುತ್ತಾ ವಾದಿಸಿದರು. ಆದರೆ 1958ರಲ್ಲಿ ಅಮೆರಿಕದಲ್ಲಿ ಗ್ಯಾಲಪ್ ಸಮೀಕ್ಷೆ ನಡೆಸಿದಾಗ ಬಿಳಿಯರು ಕರಿಯರ ನಡುವಿನ ಮದುವೆಯನ್ನು ಒಪ್ಪಿದವರು ಶೇ 4 ಮಾತ್ರ. ಆ ಅಸಹ್ಯವೂ ಅಷ್ಟೇ ಆಳವಾಗಿತ್ತು, ಅಷ್ಟೇ ಪ್ರಾಮಾಣಿಕವಾಗಿತ್ತು, ಪೂರ್ತಿ ತಪ್ಪಾಗಿತ್ತು. ಹಾಗಾಗಿ ಅಸಹ್ಯವನ್ನು ಸಾಕ್ಷಿಯಾಗಿ ಕರೆಯಬಹುದು, ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಬೇಕು.

ಪಾಟೀಸವಾಲು ಹೀಗೆ: ಪ್ರಸಂಗದ ಒಂದೊಂದೇ ಅಂಶ ಬದಲಿಸಿ, ಅಸಹ್ಯ ಎಲ್ಲಿ ಕರಗುತ್ತದೆ ನೋಡಿ. ಹಣ ಶ್ರೀಮಂತ ರೋಗಿಯಿಂದ ಬರದೆ ಸರ್ಕಾರದಿಂದ ಬಂದರೆ? ಮಾರುವವನು ಬಡವನಾಗಿರದೆ ಅನುಕೂಲಸ್ಥನಾಗಿದ್ದರೆ? ಹಣದ ಬದಲು ಇನ್ನೊಂದು ಕಿಡ್ನಿಯೇ ಸಿಕ್ಕರೆ? ಕೊನೆಯದು ಕಲ್ಪನೆಯಲ್ಲ. ಗಂಡನ ಕಿಡ್ನಿ ಹೆಂಡತಿಗೆ ಹೊಂದದಿದ್ದಾಗ, ಅಂಥದೇ ತೊಡಕಿನ ಇನ್ನೊಂದು ಜೋಡಿಯ ಜೊತೆ ಅದಲುಬದಲು ಮಾಡಿಕೊಳ್ಳುತ್ತಾರೆ. 1991ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾಯಿತು. ಆಲ್ವಿನ್ ರಾತ್ ಮತ್ತು ಸಂಗಡಿಗರು 2004ರ ಸುಮಾರಿಗೆ ಜೋಡಿ ಹೊಂದಿಸುವ ಕ್ರಮವನ್ನು ವ್ಯವಸ್ಥಿತಗೊಳಿಸಿದರು, ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದ 1984ರ ಕಾನೂನು ಅಂಗಕ್ಕೆ ಪ್ರತಿಯಾಗಿ ಬೆಲೆಬಾಳುವ ಏನನ್ನೂ ಪಡೆಯಬಾರದು ಅನ್ನುತ್ತಿತ್ತು. ಅದಲುಬದಲು ಅದರಲ್ಲಿ ಸೇರುವುದಿಲ್ಲ ಅಂತ 2007ರಲ್ಲಿ ತಿದ್ದುಪಡಿ ತರಬೇಕಾಯಿತು. ಅದಲುಬದಲಿನಲ್ಲಿ ಅಸಹ್ಯ ಆಗುವುದಿಲ್ಲ ಅಂತಾದರೆ, ನಿಮ್ಮ ಆಕ್ಷೇಪ "ಪ್ರತಿಫಲ" ಅನ್ನುವುದಕ್ಕಲ್ಲ. ಹಾಗಾದರೆ ಯಾವುದಕ್ಕೆ? ಉತ್ತರ ಸಿಕ್ಕಾಗ ಅನಿಸಿಕೆ ಕಾರಣವಾಗುತ್ತದೆ, ಆಗ ಅದನ್ನು ಮೇಜಿನ ಮೇಲಿಡಬಹುದು.

ಅರ್ಥಮೀಮಾಂಸೆ:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. "ಮಾರಾಟ ಬೇಕೇ ಬೇಡವೇ" ಅನ್ನುವ ಎರಡೇ ಆಯ್ಕೆ ಇಟ್ಟುಕೊಂಡರೆ ಚರ್ಚೆ ಸೊರಗುತ್ತದೆ. ನಡುವೆ ಹಲವು ವಿನ್ಯಾಸಗಳಿವೆ. ನೀತಿಶಾಸ್ತ್ರಜ್ಞರಾದ ಚಾರ್ಲ್ಸ್ ಎರಿನ್ ಮತ್ತು ಜಾನ್ ಹ್ಯಾರಿಸ್ 2003ರಲ್ಲಿ ಒಬ್ಬನೇ ಖರೀದಿದಾರನಿರುವ ವ್ಯವಸ್ಥೆ ಸೂಚಿಸಿದರು: ಸಾರ್ವಜನಿಕ ಆರೋಗ್ಯ ಸಂಸ್ಥೆ ಮಾತ್ರ ಕೊಳ್ಳಬೇಕು, ಹಂಚಿಕೆ ವೈದ್ಯಕೀಯ ಅಗತ್ಯ ನೋಡಿ, ಮಾರುವವರು ಪಡೆಯುವವರು ಒಂದೇ ಪ್ರದೇಶದವರು. ಶ್ರೀಮಂತರಿಗಷ್ಟೇ ಕಿಡ್ನಿ ಅನ್ನುವ ಆಕ್ಷೇಪ ಇದರಿಂದ ಬೀಳುತ್ತದೆ. ಚೌಕಾಸಿಯೂ ಇಲ್ಲ. ನಿರಂಜನ್ ಅವರ ಸಾಲಗಾರನ ವಾದ ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಹಣ ಸರ್ಕಾರದಿಂದ ಬಂದರೂ ವಸೂಲಿಗಾರನಿಗೆ ವ್ಯತ್ಯಾಸವಿಲ್ಲ. ಹಣವನ್ನು ಕೈಗೆ ಕೊಡದೆ ಹಲವು ವರ್ಷ ತಡೆದು ಪಿಂಚಣಿಯಾಗಿ, ಅಥವಾ ಜೀವನಪರ್ಯಂತ ಆರೋಗ್ಯ ವಿಮೆಯಾಗಿ ಕೊಟ್ಟರೆ ಆ ವಾದವೂ ದುರ್ಬಲವಾಗುತ್ತದೆ, ಆದರೆ ತುರ್ತು ಹಣ ಬೇಕಾದವನು ಮುಂದೆ ಬರುವುದಿಲ್ಲ. ಅದನ್ನು ದೋಷ ಅನ್ನುತ್ತೀರೋ ಗುಣ ಅನ್ನುತ್ತೀರೋ ಅನ್ನುವುದರಲ್ಲೇ ನಿಮ್ಮ ನಿಜವಾದ ಮೌಲ್ಯ ಹೊರಗೆ ಬರುತ್ತದೆ. ಇಸ್ರೇಲ್ 2008ರ ಕಾನೂನಿನಲ್ಲಿ ಇನ್ನೊಂದು ದಾರಿ ಹಿಡಿಯಿತು. ಮಾರಾಟ ನಿಷಿದ್ಧ, ಆದರೆ ದಾನಿ ಕಳೆದುಕೊಂಡ ಸಂಬಳ, ಖರ್ಚು ತುಂಬಿಕೊಡುತ್ತಾರೆ. ದಾನಿಯಾಗಿ ಹೆಸರು ನೋಂದಾಯಿಸಿದವರಿಗೆ ತಮಗೇ ಅಂಗ ಬೇಕಾದಾಗ ಆದ್ಯತೆ ಸಿಗುತ್ತದೆ. ನಷ್ಟ ತುಂಬಿಕೊಡುವುದಕ್ಕೂ ಲಾಭ ಕೊಡುವುದಕ್ಕೂ ನಡುವಿನ ಗೆರೆ ನೈತಿಕವಾಗಿ ಅಷ್ಟು ಮುಖ್ಯವೇ ಅಂತ ನಿಮ್ಮ ಕೂಟ ಅರ್ಧ ಗಂಟೆ ಚರ್ಚಿಸಬಹುದು.

ನನ್ನ ನಿಲುವು ಕೇಳಿದರೆ: ನಷ್ಟ ಪೂರ್ತಿ ತುಂಬಿಕೊಡಬೇಕು, ಈಗ ಎಷ್ಟೋ ಕಡೆ ದಾನಿಯೇ ಕೈಯಿಂದ ಖರ್ಚು ಮಾಡುವುದು ಅನ್ಯಾಯ. ಕೈಗೆ ನಗದು ಕೊಡುವ ವ್ಯವಸ್ಥೆ ಬೇಡ, ಸಾಲದ ಕಾರಣಕ್ಕೆ.

ಸಹನಾ_ಎಂ:

ನನ್ನದು ಬೇರೆ. ನಿಷೇಧಕ್ಕೂ ಬೆಲೆ ಇದೆ, ಅದನ್ನು ಡಯಾಲಿಸಿಸ್‌ನಲ್ಲಿ ಕಾಯುತ್ತಾ ಸಾಯುವವರು ತೆರುತ್ತಾರೆ. ಅವರು ಈ ಚರ್ಚೆಯಲ್ಲಿ ಕಾಣಿಸುವುದೇ ಇಲ್ಲ, ಕಣ್ಣೆದುರು ಬರುವುದು ಮಾರಾಟಗಾರ ಮಾತ್ರ. ಏನೂ ಮಾಡದೆ ಇರುವುದು ತಟಸ್ಥ ಅಂತ ಇಟ್ಟುಕೊಳ್ಳುವುದೂ ಒಂದು ಆಧಾರವಾಕ್ಯ, ಅದನ್ನೂ ಬರೆದಿಟ್ಟು ಪರೀಕ್ಷಿಸಿ. ಒಂದೇ ಖರೀದಿದಾರ, ತಡೆದು ಕೊಡುವ ಪಿಂಚಣಿ, ಜೀವನಪರ್ಯಂತ ತಪಾಸಣೆ, ಇವನ್ನಿಟ್ಟು ಒಂದು ಸಣ್ಣ ಪ್ರದೇಶದಲ್ಲಿ ಪ್ರಯೋಗ ಮಾಡಬಹುದು ಅನ್ನುವುದು ನನ್ನ ಅಭಿಪ್ರಾಯ. ಮಾರಿದವರ ಸಾಲ ಐದು ವರ್ಷದಲ್ಲಿ ಏರಿದ್ದು ಕಂಡರೆ ನಿಲುವು ಬದಲಿಸುತ್ತೇನೆ.

ತರ್ಕಪಾಣಿ:

ಈ ಕೊನೆಯ ವಾಕ್ಯವನ್ನು ಕೂಟದಲ್ಲಿ ಪ್ರತಿಯೊಬ್ಬರಿಂದ ಬರೆಯಿಸಿ: "ಏನು ಗೊತ್ತಾದರೆ ನನ್ನ ನಿಲುವು ಬದಲಾಗುತ್ತದೆ?" ಚರ್ಚೆ ಶುರುವಾಗುವ ಮೊದಲೇ ಬರೆಯಿಸಬೇಕು, ಆಮೇಲೆ ಬರೆದರೆ ಗೆದ್ದವರ ಗತ್ತು ಅಡ್ಡ ಬರುತ್ತದೆ. "ಏನೇ ಆದರೂ ಬದಲಾಗದು" ಅಂದವರು ಶುದ್ಧ ಮೌಲ್ಯದ ನೆಲೆಯಲ್ಲಿದ್ದಾರೆ. ಅದು ತಪ್ಪಲ್ಲ, ಆದರೆ ಅವರು ಚೆನ್ನೈಯ ಅಂಕಿಯನ್ನು ತಮ್ಮ ಕಾರಣವಾಗಿ ಬಳಸುವಂತಿಲ್ಲ.

ನಡೆಸುವ ಕ್ರಮಕ್ಕೆ: ಹನ್ನೆರಡು ಜನರಿದ್ದರೆ ಎರಡು ಗಂಟೆ ಸಾಕು. ಮೊದಲ 15 ನಿಮಿಷ ಪ್ರಶ್ನೆ ಒಡೆಯುವುದಕ್ಕೆ. ಮುಂದಿನ 30 ಪೂರ್ವಪಕ್ಷಕ್ಕೆ: ಪ್ರತಿಯೊಬ್ಬರೂ ತಾವು ಒಪ್ಪದ ಪಕ್ಷವನ್ನು ಮಂಡಿಸಬೇಕು, ಆ ಪಕ್ಷದವರು "ಹೌದು, ನಾನು ಹೇಳಬೇಕೆಂದಿದ್ದು ಇದೇ" ಅನ್ನುವವರೆಗೆ ಮುಂದೆ ಹೋಗುವಂತಿಲ್ಲ. ಇದು ಮೊದಮೊದಲು ಎರಡು ಮೂರು ಸುತ್ತು ಹಿಡಿಯುತ್ತದೆ, ಬೇಸರಪಡಬೇಡಿ. ಉಳಿದ ಹೊತ್ತು ಒಂದೊಂದೇ ಆಧಾರವಾಕ್ಯಕ್ಕೆ. ಕೊನೆಗೆ ಕೈ ಎತ್ತಿಸಿ ಮತ ಹಾಕಿಸಬೇಡಿ. ಯಾವ ಆಧಾರವಾಕ್ಯದಲ್ಲಿ ಭಿನ್ನಾಭಿಪ್ರಾಯ ಉಳಿಯಿತು ಅಂತ ಬರೆದುಕೊಂಡರೆ ಸಾಕು.

ಚಿಂತನ_ಬಳಗ:

ತುಂಬ ಉಪಕಾರವಾಯಿತು. ಒಂದೇ ಅನುಮಾನ ಉಳಿದಿದೆ. "ನಿಮ್ಮ ಮಗನಿಗೇ ಕಿಡ್ನಿ ಬೇಕಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೇನು ಮಾಡುವುದು?

ನೆಫ್ರಾನ್:

ಆ ಪ್ರಶ್ನೆ ತೋರಿಸುವುದು ಸಂಕಟದಲ್ಲಿ ಮನುಷ್ಯ ಏನು ಮಾಡುತ್ತಾನೆ ಅನ್ನುವುದನ್ನು. ಕಾನೂನು ಹೇಗಿರಬೇಕು ಅನ್ನುವುದನ್ನಲ್ಲ. ಮಗನಿಗಾಗಿ ತಂದೆ ಸರದಿ ಮುರಿಯಬಹುದು, ಅದರಿಂದ ಸರದಿಯೇ ತಪ್ಪು ಅಂತಾಗುವುದಿಲ್ಲ. ಅದೇ ಪ್ರಶ್ನೆಯನ್ನು ತಿರುಗಿಸಿ "ನಿಮ್ಮ ಮಗನೇ ಸಾಲಕ್ಕೆ ಕಿಡ್ನಿ ಮಾರಲು ಹೊರಟಿದ್ದರೆ?" ಅಂತಲೂ ಕೇಳಬಹುದು. ಎರಡನ್ನೂ ಒಟ್ಟಿಗೆ ಕೇಳಿದರೆ ಮಾತ್ರ ಉಪಯೋಗವಿದೆ, ಏಕೆಂದರೆ ಆಗ ತಾನು ಯಾವ ಸ್ಥಾನದಲ್ಲಿರುತ್ತೇನೆಂದು ಗೊತ್ತಿಲ್ಲದೆ ನಿಯಮ ಆರಿಸಬೇಕಾಗುತ್ತದೆ.

ಹನ್ನೆರಡು ಜನರ ಕೂಟದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಇರಬಹುದು, ಕಿಡ್ನಿ ಕೊಟ್ಟವರೂ ಇರಬಹುದು. ವಿಷಯವನ್ನು ಒಂದು ವಾರ ಮೊದಲೇ ತಿಳಿಸಿ, ಬರದೆ ಇರುವವರಿಗೆ ಕಾರಣ ಕೇಳಬೇಡಿ. ವೈಯಕ್ತಿಕ ಪ್ರಶ್ನೆ ಬಂದರೆ ನಡೆಸುವವರೇ ಅದನ್ನು "ರೋಗಿಯ ಕುಟುಂಬದವರು ಎಷ್ಟನೇ ಆಧಾರವಾಕ್ಯವನ್ನು ಪ್ರಶ್ನಿಸುತ್ತಾರೆ?" ಅಂತ ಬದಲಿಸಿ ಹಲಗೆಯ ಮೇಲೆ ಬರೆಯಲಿ.